ಶುಶ್ರೂಷಕಿಯ ಉನ್ನತ ವ್ಯಾಸಂಗ: ಅರ್ಜಿ ಬರೆಯುವ ಮೊದಲು



ಆಸ್ಪತ್ರೆಯಲ್ಲಿ ರೋಗಿಯ ಪಕ್ಕದಲ್ಲಿ ಕುಳಿತು ರಾತ್ರಿಯನ್ನು ಕಳೆದವರಿಗೆಲ್ಲ ಒಂದು ಸಂಗತಿ ಗೊತ್ತಿದೆ. ವೈದ್ಯರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ನೋಡಿ ಹೋಗುತ್ತಾರೆ. ನಡುವಣ ದೀರ್ಘಕಾಲದಲ್ಲಿ ರೋಗಿಯ ಉಸಿರು ಏರಿತೆ, ನಾಡಿ ಇಳಿಯಿತೆ, ಮುಖದ ಕಳೆ ಬದಲಾಯಿತೆ ಎಂಬುದನ್ನು ಮೊದಲು ಕಾಣುವವಳು ಶುಶ್ರೂಷಕಿ. ಕಂಡದ್ದನ್ನು ಬರೆದಿಟ್ಟು, ವೈದ್ಯರಿಗೆ ತಿಳಿಸಿ, ಅವರ ಅಪ್ಪಣೆಗಾಗಿ ಕಾಯುವುದು ಆಕೆಯ ಕರ್ತವ್ಯ. ಹೀಗೆ ಕಾಯುತ್ತಿರುವಾಗ, 'ಮುಂದೆ ಮಾಡಬೇಕಾದುದು ನನಗೂ ತಿಳಿದಿದೆಯಲ್ಲ' ಎಂಬ ಯೋಚನೆ ಅನುಭವಸ್ಥಳಾದ ಶುಶ್ರೂಷಕಿಯ ಮನಸ್ಸಿನಲ್ಲಿ ಸುಳಿಯದೆ ಇರಲಾರದು.

ಈ ಯೋಚನೆಗೆ ವಿದ್ಯೆಯ ಆಧಾರವನ್ನೂ ಕಾನೂನಿನ ಅಧಿಕಾರವನ್ನೂ ಒದಗಿಸಿದ ದೇಶಗಳಲ್ಲಿ ಅಮೆರಿಕ ಮೊದಲನೆಯದು. ಅಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿ, ಪ್ರತ್ಯೇಕ ಪರೀಕ್ಷೆಯಲ್ಲಿ ತೇರ್ಗಡೆಯಾದ ಶುಶ್ರೂಷಕಿಯು ರೋಗವನ್ನು ನಿರ್ಣಯಿಸಬಹುದು, ರಕ್ತಪರೀಕ್ಷೆ ಮೊದಲಾದುವನ್ನು ಮಾಡಿಸಬಹುದು, ಔಷಧವನ್ನು ಬರೆದುಕೊಡಬಹುದು. ಆಕೆಗೆ ನರ್ಸ್ ಪ್ರಾಕ್ಟಿಷನರ್ ಎಂದು ಹೆಸರು. ನಮ್ಮ ನಾಡಿನಿಂದ ಹೋಗಿ ಅಲ್ಲಿ ನೆಲಸಿರುವ ಶುಶ್ರೂಷಕಿಯರಲ್ಲಿಯೂ, ಇಲ್ಲಿದ್ದು ಹೋಗಬೇಕೆಂದು ಬಯಸುವವರಲ್ಲಿಯೂ ಈ ವ್ಯಾಸಂಗದ ಆಸೆಯುಳ್ಳವರಿದ್ದಾರೆ. ಅವರಿಗೂ ಅವರ ಮನೆಯವರಿಗೂ ಉಪಯೋಗವಾಗಲೆಂದು, ಇದಕ್ಕೆ ಅರ್ಜಿಯನ್ನು ಹಾಕುವ ಬಗೆ ಹೇಗೆ, ಅದಕ್ಕೆ ಮೊದಲು ಯೋಚಿಸಬೇಕಾದುದೇನು ಎಂಬುದನ್ನು ಈ ದಿನ ವಿವರಿಸುತ್ತೇನೆ.

ಈ ವೃತ್ತಿ ಹುಟ್ಟಿದ ಸಂದರ್ಭವನ್ನು ಮೊದಲು ತಿಳಿಯುವುದು ಒಳ್ಳೆಯದು. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ಸಾರ್ವಜನಿಕ ಆರೋಗ್ಯದ ಶುಶ್ರೂಷಕಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಕೂಡಿ ಮೊದಲನೆಯ ತರಗತಿಯನ್ನು ಆರಂಭಿಸಿದರು. ಆ ಸಂಸ್ಥಾನದ ಹಳ್ಳಿಗಾಡುಗಳಲ್ಲಿ ಮಕ್ಕಳನ್ನು ನೋಡುವ ವೈದ್ಯರು ಸಾಲದಾಗಿದ್ದರು. ಶುಶ್ರೂಷಕಿಯರಾದರೋ ಮನೆಮನೆಗೂ ಹೋಗಿ ಬರುತ್ತಿದ್ದರು. ಅವರ ಕಣ್ಣಿಗೆ ಬೀಳುವುದನ್ನು ಅವರೇ ಪರೀಕ್ಷಿಸಿ ಉಪಚರಿಸುವಂತಾದರೆ ಎಷ್ಟೋ ಮಕ್ಕಳಿಗೆ ಸಕಾಲದಲ್ಲಿ ನೆರವು ದೊರೆಯುವುದೆಂಬುದು ಫೋರ್ಡ್ ಅವರ ವಾದ. ಇದನ್ನು ಶುಶ್ರೂಷಾ ವಿದ್ಯಾಲಯಗಳ ಅಧ್ಯಾಪಕರಲ್ಲಿಯೇ ಕೆಲವರು ಬಲವಾಗಿ ವಿರೋಧಿಸಿದರು. ಶುಶ್ರೂಷೆಯನ್ನು ಬಿಟ್ಟು ವೈದ್ಯರ ಕೆಲಸಕ್ಕೆ ಕೈಹಾಕಿದಂತಾಗುವುದೆಂದು ಅವರು ಹೆದರಿದರು. ಫೋರ್ಡ್ ಅವರು ಶುಶ್ರೂಷೆಯನ್ನೇ ಮತ್ತಷ್ಟು ಮುಂದಕ್ಕೆ ಒಯ್ಯುತ್ತಿದ್ದೇವೆಂದು ಉತ್ತರ ಕೊಟ್ಟರು. 2025ರ ಜನವರಿಯಲ್ಲಿ, ತಮ್ಮ 104ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅಷ್ಟು ಹೊತ್ತಿಗೆ ಆ ದೇಶದಲ್ಲಿ ಈ ಪರವಾನೆ ಪಡೆದವರ ಸಂಖ್ಯೆ 4 ಲಕ್ಷವನ್ನು ಮೀರಿತ್ತು.

ಆದರೆ ಆಕೆಯ ಅಧಿಕಾರ ಎಲ್ಲೆಡೆಯೂ ಒಂದೇ ಸಮವಾಗಿಲ್ಲ. ಅಮೆರಿಕದಲ್ಲಿ ವೈದ್ಯವೃತ್ತಿ, ಶುಶ್ರೂಷಾವೃತ್ತಿಗಳ ಕಾನೂನನ್ನು ಮಾಡುವುದು ಆಯಾ ಸಂಸ್ಥಾನದ ಶಾಸನಸಭೆ. ಅರ್ಧಕ್ಕೂ ಹೆಚ್ಚು ಸಂಸ್ಥಾನಗಳಲ್ಲಿ ನರ್ಸ್ ಪ್ರಾಕ್ಟಿಷನರ್ ಸ್ವತಂತ್ರವಾಗಿ ವೃತ್ತಿ ನಡಸಬಹುದು. ಅರಿಜೋನಾ, ನ್ಯೂ ಮೆಕ್ಸಿಕೋಗಳು ಈ ಗುಂಪಿಗೆ ಸೇರಿದುವು. ಟೆಕ್ಸಾಸ್ ಮೊದಲಾದ ಸಂಸ್ಥಾನಗಳಲ್ಲಿ ವೈದ್ಯರೊಬ್ಬರೊಡನೆ ಒಪ್ಪಂದ ಮಾಡಿಕೊಂಡಲ್ಲದೆ ಆಕೆ ಔಷಧವನ್ನು ಬರೆದುಕೊಡುವಂತಿಲ್ಲ. ಆದ್ದರಿಂದ, ಓದು ಮುಗಿದ ಮೇಲೆ ಯಾವ ಸಂಸ್ಥಾನದಲ್ಲಿ ನೆಲಸುವೆನೆಂಬುದು ಓದನ್ನು ಆರಂಭಿಸುವ ಮೊದಲೇ ಕೇಳಿಕೊಳ್ಳತಕ್ಕ ಪ್ರಶ್ನೆ.

ಅದಕ್ಕಿಂತಲೂ ಮುಖ್ಯವಾದ ಪ್ರಶ್ನೆ ಮತ್ತೊಂದಿದೆ. ಯಾವ ರೋಗಿಗಳನ್ನು ನೋಡಿಕೊಳ್ಳಬೇಕೆಂದು ನಿಮ್ಮ ಆಸೆ? ಇದನ್ನು ಅರ್ಜಿಯಲ್ಲೇ ಹೇಳಬೇಕಾಗುವುದು. ನಮ್ಮಲ್ಲಿ ಎಂ.ಬಿ.ಬಿ.ಎಸ್. ಓದುವವರು ಮೊದಲು ಎಲ್ಲವನ್ನೂ ಕಲಿತು ಅನಂತರ ಒಂದು ಶಾಖೆಯನ್ನು ಆರಿಸಿಕೊಳ್ಳುತ್ತಾರೆ. ಇಲ್ಲಿ ಕ್ರಮ ಬೇರೆ. ಬಾಗಿಲಲ್ಲಿಯೇ ಶಾಖೆಯನ್ನು ಆರಿಸಬೇಕು. ಎಲ್ಲ ವಯಸ್ಸಿನವರನ್ನೂ ನೋಡುವ ಕುಟುಂಬ ಶಾಖೆ, ವಯಸ್ಕರು ಮತ್ತು ವೃದ್ಧರ ಶಾಖೆ, ಮಕ್ಕಳ ಶಾಖೆ, ನವಜಾತ ಶಿಶುಗಳ ಶಾಖೆ, ಸ್ತ್ರೀಯರ ಆರೋಗ್ಯದ ಶಾಖೆ, ಮನೋರೋಗದ ಶಾಖೆ ಎಂದು ಆರು ವಿಭಾಗಗಳಿವೆ. ಇವುಗಳಲ್ಲಿ ವಯಸ್ಕರ ಶಾಖೆಯೂ ಮಕ್ಕಳ ಶಾಖೆಯೂ ಮತ್ತೆ ಎರಡಾಗಿ ಒಡೆಯುತ್ತವೆ: ದಿನದಿನದ ಆರೋಗ್ಯವನ್ನು ಕಾಪಾಡುವ ಪ್ರಾಥಮಿಕ ಚಿಕಿತ್ಸೆ ಒಂದು, ಆಸ್ಪತ್ರೆಯಲ್ಲಿ ನಡೆಯುವ ತೀವ್ರ ಚಿಕಿತ್ಸೆ ಇನ್ನೊಂದು.

ಈ ವಿಭಾಗ ಬರಿಯ ಹೆಸರಿನದಲ್ಲ. ವ್ಯಾಸಂಗ, ಅದರ ಕೊನೆಯ ಪರೀಕ್ಷೆ, ಪರವಾನೆ, ಮೂರೂ ಒಂದೇ ಶಾಖೆಗೆ ಹೊಂದಿಕೊಂಡಿರಬೇಕೆಂದು 2008ರಲ್ಲಿ ಆ ದೇಶದ ಶುಶ್ರೂಷಾ ಸಂಸ್ಥೆಗಳು ಒಟ್ಟುಗೂಡಿ ತೀರ್ಮಾನಿಸಿದುವು. ವಯಸ್ಕರ ಶಾಖೆಯಲ್ಲಿ ಓದಿದವಳು ಮುಂದೆ ಎಳೆಯ ಮಕ್ಕಳ ಚಿಕಿತ್ಸಾಲಯದಲ್ಲಿ ಕೆಲಸ ಮಾಡಬೇಕೆಂದು ಬಯಸಿದರೆ, ಮತ್ತೆ ವಿದ್ಯಾಲಯಕ್ಕೆ ಹೋಗಿ ಇನ್ನೊಂದು ಪ್ರಮಾಣಪತ್ರವನ್ನು ಪಡೆಯಬೇಕು. ಅದಕ್ಕೆ ಕಾಲವೂ ಹಣವೂ ವೆಚ್ಚವಾಗುವುವು. ಅನೇಕರು ಮೊದಲು ವಿದ್ಯಾಲಯದ ಕೀರ್ತಿಯನ್ನು ವಿಚಾರಿಸಿ, ಆಮೇಲೆ ಅಲ್ಲಿ ದೊರೆತ ಶಾಖೆಯನ್ನು ಹಿಡಿಯುತ್ತಾರೆ. ಇದು ಮದುವೆಯ ಛತ್ರವನ್ನು ಗೊತ್ತುಮಾಡಿ ವರನನ್ನು ಹುಡುಕಿದ ಹಾಗೆ. ರೋಗಿ ಯಾರೆಂಬುದು ಮೊದಲು. ಶಾಖೆ ಅದರಿಂದ ತಾನಾಗಿಯೇ ತಿಳಿಯುವುದು. ವಿದ್ಯಾಲಯದ ಆಯ್ಕೆ ಕೊನೆಯದು.

ಇನ್ನು ಪದವಿಯ ವಿಷಯ. ಮಾಸ್ಟರ್ ಪದವಿ, ಡಾಕ್ಟರ್ ಪದವಿ ಎಂದು ಎರಡು ದಾರಿಗಳಿವೆ. ಬಿ.ಎಸ್ಸಿ. ನರ್ಸಿಂಗ್ ಆದವರಿಗೆ ಪೂರ್ಣಕಾಲದ ವ್ಯಾಸಂಗದಲ್ಲಿ ಮೊದಲನೆಯದಕ್ಕೆ ಸಾಮಾನ್ಯವಾಗಿ 2 ರಿಂದ 3 ವರ್ಷ, ಎರಡನೆಯದಕ್ಕೆ 3 ರಿಂದ 4 ವರ್ಷ ಹಿಡಿಯುವುದು. 2015ರ ವೇಳೆಗೆ ಎಲ್ಲರೂ ಡಾಕ್ಟರ್ ಪದವಿಯನ್ನೇ ಪಡೆಯುವಂತಾಗಲೆಂದು ಶುಶ್ರೂಷಾ ವಿದ್ಯಾಲಯಗಳ ಸಂಘವು 2004ರಲ್ಲಿ ಆಶಿಸಿತು. ಆ ಗಡುವು ಕಳೆಯಿತು. ಬಳಿಕ 2018ರಲ್ಲಿ ನರ್ಸ್ ಪ್ರಾಕ್ಟಿಷನರ್ ಅಧ್ಯಾಪಕರ ಸಂಘವು 2025 ಎಂದು ಹೊಸ ಗಡುವನ್ನು ಹೇಳಿತು. ಆದರೂ ಮಾಸ್ಟರ್ ಪದವಿಯ ದಾರಿ ಮುಚ್ಚಿಲ್ಲ. ಅದನ್ನು ಪಡೆದವರಿಗೂ ಪರೀಕ್ಷೆಗೆ ಕೂರುವ ಅರ್ಹತೆಯುಂಟು. ಅಧ್ಯಾಪನದಲ್ಲಿಯೋ ಆಡಳಿತದಲ್ಲಿಯೋ ಮುಂದುವರಿಯಬೇಕೆನ್ನುವವರು ಎರಡನೆಯದನ್ನು ಯೋಚಿಸಬಹುದು. ರೋಗಿಗಳ ಬಳಿ ಇರುವುದೇ ಗುರಿಯಾದವರು ಡಾಕ್ಟರ್ ಎಂಬ ಹೆಸರಿನ ಮೋಹಕ್ಕೆ ಸಾಲಮಾಡಬೇಕಾದ ಅಗತ್ಯವಿಲ್ಲ.

ಅರ್ಜಿಗೆ ಬೇಕಾದ ಸಾಮಗ್ರಿಗಳನ್ನು ಸಂಗ್ರಹವಾಗಿ ಹೇಳುತ್ತೇನೆ. ಮಾನ್ಯತೆ ಪಡೆದ ಶುಶ್ರೂಷಾ ಪದವಿ. ಎನ್‌ಕ್ಲೆಕ್ಸ್ ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪಡೆದ ಶುಶ್ರೂಷಕಿಯ ಪರವಾನೆ. ಹಿಂದಿನ ವ್ಯಾಸಂಗದ ಅಂಕಪಟ್ಟಿಗಳು. ಎರಡು ಅಥವಾ ಮೂರು ಶಿಫಾರಸು ಪತ್ರಗಳು. ಇದುವರೆಗಿನ ಕೆಲಸದ ವಿವರ. ಉದ್ದೇಶವನ್ನು ತಿಳಿಸುವ ಒಂದು ಲೇಖನ. ಅಂಕಗಳು 4ಕ್ಕೆ 3 ರ ಸರಾಸರಿಗಿಂತ ಕಡಮೆಯಿರಬಾರದೆಂಬುದು ಬಹುಮಂದಿ ವಿದ್ಯಾಲಯಗಳ ನಿಯಮ. ಜಿ.ಆರ್.ಇ. ಎಂಬ ಸಾಮಾನ್ಯ ಪರೀಕ್ಷೆಯನ್ನು ಹಿಂದೆ ಅನೇಕರು ಕೇಳುತ್ತಿದ್ದರು. ಈಗ ಹೆಚ್ಚಿನವರು ಕೈಬಿಟ್ಟಿದ್ದಾರೆ. ಸಂಖ್ಯಾಶಾಸ್ತ್ರದ ಒಂದು ಪಾಠವನ್ನು ಮೊದಲೇ ಮುಗಿಸಿರಬೇಕೆನ್ನುವ ವಿದ್ಯಾಲಯಗಳು ಹಲವು. ಶುಶ್ರೂಷಕಿಯಾಗಿ 1 ಅಥವಾ 2 ವರ್ಷ ದುಡಿದ ಅನುಭವವನ್ನು ಕೆಲವರು ಕೇಳುತ್ತಾರೆ, ಕೆಲವರು ಕೇಳುವುದಿಲ್ಲ. ಕೇಳದಿದ್ದರೂ ಅದು ಇದ್ದರೆ ಲೇಸು. ರೋಗಿಯನ್ನು ನೋಡಿದೊಡನೆ 'ಈತನಿಗೆ ಏನೋ ಸರಿಯಿಲ್ಲ' ಎಂದು ಹೊಳೆಯುವ ಬುದ್ಧಿ ಹಾಸಿಗೆಯ ಬದಿಯಲ್ಲಲ್ಲದೆ ಬೇರೆಲ್ಲಿಯೂ ಬರುವುದಿಲ್ಲ.

ಶಿಫಾರಸು ಪತ್ರವನ್ನು ಯಾರಿಂದ ಬರೆಸಬೇಕು? ಹೆಸರುವಾಸಿಯಾದ ದೊಡ್ಡವರನ್ನು ಹಿಡಿಯಬೇಕೆಂಬ ಭ್ರಮೆ ನಮ್ಮಲ್ಲಿ ಬಹಳ. ನಿಮ್ಮನ್ನು ದೂರದಿಂದ ಬಲ್ಲ ದೊಡ್ಡ ವೈದ್ಯರು 'ಈಕೆ ಸದ್ಗುಣಿ, ಶ್ರಮಜೀವಿ' ಎಂದು ನಾಲ್ಕು ಸಾಲು ಬರೆದಾರು. ನಿಮ್ಮ ಕೆಲಸವನ್ನು ದಿನವೂ ಕಂಡ ಮೇಲ್ವಿಚಾರಕಿಯು, ಇಂಥ ದಿನ ಇಂಥ ಸಂದರ್ಭದಲ್ಲಿ ನೀವು ಏನು ಮಾಡಿದಿರೆಂದು ಬರೆಯಬಲ್ಲಳು. ಓದುವವರಿಗೆ ಬೇಕಾದುದು ಎರಡನೆಯದು. ನಿಮಗೆ ಪಾಠ ಹೇಳಿದ ಅಧ್ಯಾಪಕರೊಬ್ಬರು, ಕೆಲಸದ ಮೇಲ್ವಿಚಾರಕರೊಬ್ಬರು, ಸಾಧ್ಯವಾದರೆ ಈಗಾಗಲೇ ನರ್ಸ್ ಪ್ರಾಕ್ಟಿಷನರ್ ಆಗಿರುವವರೊಬ್ಬರು ಇದ್ದರೆ ಸಾಕು. ಅವರಿಗೆ ಒಂದೆರಡು ತಿಂಗಳ ಅವಕಾಶವನ್ನು ಕೊಡಿ. ನಿಮ್ಮ ಲೇಖನದ ಪ್ರತಿಯನ್ನೂ ಕಳುಹಿಸಿ.

ಈ ಲೇಖನವೇ ಇಡೀ ಅರ್ಜಿಯ ಜೀವ. ಎರಡು ಪುಟಗಳಿಗೆ ಮೀರದ ಇದನ್ನು ಬರೆಯಲು ಒಳ್ಳೆಯ ಶುಶ್ರೂಷಕಿಯರೇ ಹೆಚ್ಚಾಗಿ ಕಷ್ಟಪಡುತ್ತಾರೆ. ಅದಕ್ಕೆ ಕಾರಣವುಂಟು. ವೃತ್ತಿಯ ಮೊದಲ ದಿನದಿಂದ ಆಕೆ ಕಲಿತ ಬರಹದ ರೀತಿಯಲ್ಲಿ ಕರ್ತೃವಿಗೆ ಸ್ಥಳವೇ ಇಲ್ಲ. 'ಮಾತ್ರೆ ಕೊಡಲಾಯಿತು', 'ವೈದ್ಯರಿಗೆ ತಿಳಿಸಲಾಯಿತು', 'ರೋಗಿಯನ್ನು ಮನೆಗೆ ಕಳುಹಿಸಲಾಯಿತು' ಎಂದು ಬರೆದು ಬರೆದು ಕೈ ಪಳಗಿರುತ್ತದೆ. ಇದರ ಮೇಲೆ, ತನ್ನ ವಿಷಯವನ್ನು ತಾನೇ ಹೇಳಿಕೊಳ್ಳುವುದು ಸಣ್ಣತನವೆಂದು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿರುತ್ತೇವೆ. 'ನನ್ನದೇನಿದೆ, ಎಲ್ಲ ಹಿರಿಯರ ಆಶೀರ್ವಾದ' ಎಂಬುದು ನಮ್ಮ ಸೌಜನ್ಯದ ಮಾತು. ಅರ್ಜಿಯಲ್ಲಾದರೋ 'ನಾನು ಕಂಡೆ, ನಾನು ಹೀಗೆಂದು ತಿಳಿದೆ, ನಾನು ಇದನ್ನು ಮಾಡಿದೆ' ಎಂದೇ ಬರೆಯಬೇಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನ ಕಡೆಯಿಂದ ಹೋಗಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ 5 ವರ್ಷ ಕೆಲಸ ಮಾಡಿದ ಶುಶ್ರೂಷಕಿಯೊಬ್ಬಳು ಮೊದಲು ಹೀಗೆ ಬರೆಯುತ್ತಾಳೆ: 'ಬಾಲ್ಯದಿಂದಲೂ ರೋಗಿಗಳ ಸೇವೆ ಮಾಡಬೇಕೆಂಬ ಹಂಬಲ ನನಗಿತ್ತು. ಹೆಚ್ಚಿನ ಜ್ಞಾನವನ್ನು ಸಂಪಾದಿಸಿ ಸಮಾಜಕ್ಕೆ ಉಪಯುಕ್ತಳಾಗಬೇಕೆಂಬುದೇ ನನ್ನ ಧ್ಯೇಯ.' ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ನೂರು ಅರ್ಜಿಗಳಲ್ಲಿ ಎಂಬತ್ತು ಹೀಗೆಯೇ ಆರಂಭವಾದರೆ, ಓದುವವರಿಗೆ ಈಕೆ ಯಾರೆಂಬುದು ತಿಳಿಯುವ ಬಗೆ ಹೇಗೆ?

ಆಕೆ ಅದನ್ನು ಹರಿದುಹಾಕಿ ಮತ್ತೆ ಬರೆಯುತ್ತಾಳೆ: 'ಸಿಹಿಮೂತ್ರ ರೋಗದಿಂದ ಕಾಲು ಹುಣ್ಣಾದ ಒಬ್ಬ ಲಾರಿ ಚಾಲಕರು ಒಂದೇ ವರ್ಷದಲ್ಲಿ ಮೂರು ಸಲ ನಮ್ಮ ವಾರ್ಡಿಗೆ ಬಂದರು. ಎರಡು ಸಲವೂ ನಾನು ಹುಣ್ಣಿಗೆ ಕಟ್ಟು ಕಟ್ಟಿ, ತಿಳಿವಳಿಕೆಯ ಕಾಗದವನ್ನು ಕೈಗೆ ಕೊಟ್ಟು ಕಳುಹಿಸಿದೆ. ಮೂರನೆಯ ಸಲ ಅವರ ಬಳಿ ಕುಳಿತು, ಇನ್ಸುಲಿನ್ನನ್ನು ಹೇಗೆ ತೆಗೆದುಕೊಳ್ಳುತ್ತೀರೆಂದು ಕೇಳಿದೆ. ಬೆಲೆ ಹೆಚ್ಚಾದ್ದರಿಂದ ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿರುವುದಾಗಿ ಹೇಳಿದರು. ನಾನು ವೈದ್ಯರಿಗೆ ತಿಳಿಸಿದೆ. ಅಗ್ಗವಾದ ಬೇರೊಂದನ್ನು ಬರೆದುಕೊಟ್ಟರು. ಈ ಪ್ರಶ್ನೆಯನ್ನು ಮೊದಲನೆಯ ಸಲವೇ ಕೇಳಬಹುದಾಗಿತ್ತು, ನಾನು ಕೇಳಲಿಲ್ಲ. ಹುಣ್ಣಾಗುವ ಮೊದಲೇ ಇದನ್ನು ಕೇಳುವ ಸ್ಥಳದಲ್ಲಿ ಕುಳಿತಿರಬೇಕೆಂದು ಆ ದಿನ ನಿಶ್ಚಯಿಸಿದೆ.'

ಎರಡಕ್ಕೂ ಇರುವ ಅಂತರವನ್ನು ಗಮನಿಸಿ. ಎರಡನೆಯದರಲ್ಲಿ ಸೇವೆಯೆಂಬ ಮಾತೇ ಬಂದಿಲ್ಲ. ಆದರೂ ಈಕೆ ರೋಗದ ಹಿಂದಿರುವ ಮನುಷ್ಯನನ್ನು ಕಾಣಬಲ್ಲಳೆಂಬುದು ತಿಳಿಯುತ್ತದೆ. ಆಸ್ಪತ್ರೆಯ ತೀವ್ರ ಚಿಕಿತ್ಸೆಯನ್ನು ಬಿಟ್ಟು ಕುಟುಂಬ ಶಾಖೆಯ ಪ್ರಾಥಮಿಕ ಚಿಕಿತ್ಸೆಯನ್ನು ಏಕೆ ಆರಿಸಿದಳೆಂಬುದು ತಿಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ತನ್ನ ಲೋಪವನ್ನು ತಾನೇ ಕಂಡು, ಅದನ್ನು ಬೇರೆಯವರ ಮೇಲೆ ಹೊರಿಸದೆ ಒಪ್ಪಿಕೊಂಡಿದ್ದಾಳೆ. ನಾಳೆ ಒಬ್ಬಳೇ ಕೋಣೆಯಲ್ಲಿ ಕುಳಿತು ರೋಗವನ್ನು ನಿರ್ಣಯಿಸಬೇಕಾದವಳಲ್ಲಿ ಪರೀಕ್ಷಕರು ಹುಡುಕುವ ಗುಣ ಇದು. ಒಂದು ಎಚ್ಚರಿಕೆಯ ಮಾತು: ರೋಗಿಯ ಹೆಸರು, ಊರು, ಗುರುತು ಹಿಡಿಯಬಹುದಾದ ಯಾವ ವಿವರವೂ ಲೇಖನದಲ್ಲಿ ಬರಕೂಡದು. ಇದು ವೃತ್ತಿಧರ್ಮ, ಅಲ್ಲಿ 1996ರ ಕಾನೂನಿನ ಕಟ್ಟಳೆಯೂ ಹೌದು.

ವಿದ್ಯಾಲಯವು ಅಭ್ಯರ್ಥಿಯನ್ನು ಪರೀಕ್ಷಿಸುವಂತೆ ಅಭ್ಯರ್ಥಿಯೂ ವಿದ್ಯಾಲಯವನ್ನು ಪರೀಕ್ಷಿಸಬೇಕು. ಮೊದಲು, ಆ ವ್ಯಾಸಂಗಕ್ಕೆ ಸಿ.ಸಿ.ಎನ್.ಇ. ಅಥವಾ ಎ.ಸಿ.ಇ.ಎನ್. ಮುಂತಾದ ಅಂಗೀಕೃತ ಮಂಡಲಿಯ ಮಾನ್ಯತೆ ಇದೆಯೆ? ಇಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಓದೆಲ್ಲ ನೀರಿನಲ್ಲಿ ಹೋಮವಾಗುವುದು. ಎರಡನೆಯದಾಗಿ, ಅಲ್ಲಿ ಓದಿದವರಲ್ಲಿ ಮೊದಲ ಯತ್ನದಲ್ಲಿಯೇ ತೇರ್ಗಡೆಯಾದವರು ನೂರಕ್ಕೆ ಎಷ್ಟು? ಮೂರನೆಯದು, ಅನೇಕರು ಕೇಳಲು ಮರೆಯುವ ಪ್ರಶ್ನೆ: ರೋಗಿಗಳ ನಡುವೆ ಅಭ್ಯಾಸ ಮಾಡಿಸುವ ಮಾರ್ಗದರ್ಶಕರನ್ನು ಗೊತ್ತುಮಾಡುವವರು ಯಾರು?

ಈ ಮಾರ್ಗದರ್ಶಕರಿಗೆ ಅಲ್ಲಿ ಪ್ರಿಸೆಪ್ಟರ್ ಎಂದು ಹೆಸರು. ವಿದ್ಯಾರ್ಥಿನಿಯು ಅನುಭವಸ್ಥರಾದ ವೈದ್ಯರೊಬ್ಬರ ಅಥವಾ ನರ್ಸ್ ಪ್ರಾಕ್ಟಿಷನರ್ ಒಬ್ಬರ ಕಣ್ಣೆದುರಿನಲ್ಲಿ ರೋಗಿಗಳನ್ನು ನೋಡಿ ಕಲಿಯಬೇಕು. 2022ರಲ್ಲಿ ಪ್ರಕಟವಾದ ರಾಷ್ಟ್ರೀಯ ನಿಯಮಾವಳಿಯಂತೆ ಇದು 750 ಗಂಟೆಗಳಿಗೆ ಕಡಮೆಯಿರಕೂಡದು. ಅದಕ್ಕೆ ಹಿಂದೆ 500 ಗಂಟೆಗಳು ಸಾಕಾಗಿತ್ತು. ಕೆಲವು ವಿದ್ಯಾಲಯಗಳು ಮಾರ್ಗದರ್ಶಕರನ್ನು ತಾವೇ ಒದಗಿಸುತ್ತವೆ. ಕೆಲವು, ವಿಶೇಷವಾಗಿ ಆನ್‌ಲೈನ್ ಪಾಠ ಹೇಳುವುವು, ಹುಡುಕುವ ಹೊರೆಯನ್ನು ವಿದ್ಯಾರ್ಥಿಯ ಮೇಲೆ ಹಾಕುತ್ತವೆ. ಪರಿಚಿತರಿಲ್ಲದ ಊರಿನಲ್ಲಿ ಚಿಕಿತ್ಸಾಲಯದಿಂದ ಚಿಕಿತ್ಸಾಲಯಕ್ಕೆ ಅಲೆದು, ಯಾರೂ ಒಪ್ಪದೆ, ಪದವಿ ಮುಂದಕ್ಕೆ ಹೋಗುವ ಸಂಭವವುಂಟು. ಆದ್ದರಿಂದ ಈ ವಿಷಯದಲ್ಲಿ ಬಾಯಿಮಾತನ್ನು ನಂಬದೆ ಬರಹದಲ್ಲಿ ಉತ್ತರವನ್ನು ಪಡೆಯುವುದು ಕ್ಷೇಮ. ತಾನಿರುವ ಸಂಸ್ಥಾನದ ವಿದ್ಯಾರ್ಥಿಗಳನ್ನು ಆ ವಿದ್ಯಾಲಯವು ಸೇರಿಸಿಕೊಳ್ಳುವುದೋ ಇಲ್ಲವೋ ಎಂಬುದನ್ನೂ ಆಗಲೇ ವಿಚಾರಿಸಬೇಕು.

ನಮ್ಮ ದೇಶದಲ್ಲಿ ಓದಿ ಇಲ್ಲಿಂದಲೇ ಅರ್ಜಿ ಹಾಕುವವರಿಗೆ ಕೆಲವು ವಿಶೇಷ ಸೂಚನೆಗಳು. 3 ವರ್ಷದ ಜಿ.ಎನ್.ಎಂ. ಡಿಪ್ಲೊಮಾ ಅಲ್ಲಿ ಪದವಿಯೆಂದು ಗಣನೆಗೆ ಬಾರದು. ಇನ್ನೂ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಳ್ಳುವುದು ಒಂದು ಮಾರ್ಗ. ಅಂಕಪಟ್ಟಿಯನ್ನು ಅಲ್ಲಿನ ಮೌಲ್ಯಮಾಪನ ಸಂಸ್ಥೆಯಿಂದ ಪರಿಶೀಲನೆ ಮಾಡಿಸಬೇಕು. ನಮ್ಮಲ್ಲಿ ನೂರಕ್ಕೆ 60 ಬಂದರೆ ಪ್ರಥಮ ದರ್ಜೆ. ಅಲ್ಲಿ ಅದೇ ಸಂಖ್ಯೆ ಅನುತ್ತೀರ್ಣತೆಯ ಅಂಚಿನಂತೆ ಕಾಣುವುದು. ಆದಕಾರಣ ಅಂಕಗಳನ್ನು ನೀವೇ ಲೆಕ್ಕಹಾಕಿ ಎದೆಗುಂದಬೇಡಿ. ಎನ್‌ಕ್ಲೆಕ್ಸ್ ಪರೀಕ್ಷೆಗೆ ಬೆಂಗಳೂರಿನಲ್ಲಿಯೇ ಕೇಂದ್ರವುಂಟು. ಪೂರ್ಣವಾಗಿ ಆನ್‌ಲೈನ್ ನಡೆಯುವ ವ್ಯಾಸಂಗಕ್ಕೆ ವಿದ್ಯಾರ್ಥಿಯ ವೀಸಾ ದೊರೆಯುವುದಿಲ್ಲ. ಶುಶ್ರೂಷಕಿಯ ಪರವಾನೆಯಿಲ್ಲದೆ ಅಲ್ಲಿನ ರೋಗಿಗಳ ನಡುವೆ ಅಭ್ಯಾಸಕ್ಕೆ ಬಿಡುವುದೂ ಇಲ್ಲ. ಆದ್ದರಿಂದ ಪರವಾನೆ ಮೊದಲು, ಉನ್ನತ ವ್ಯಾಸಂಗ ಆಮೇಲೆ ಎಂಬ ಕ್ರಮವೇ ಸುರಕ್ಷಿತ.

ಸಮುದ್ರವನ್ನು ದಾಟಲಾರದವರಿಗೂ ನಮ್ಮಲ್ಲಿ ಬಾಗಿಲು ತೆರೆದಿದೆ. 2017ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು ತೀವ್ರ ನಿಗಾ ವಿಭಾಗಕ್ಕಾಗಿ 2 ವರ್ಷದ ಸ್ನಾತಕೋತ್ತರ ನರ್ಸ್ ಪ್ರಾಕ್ಟಿಷನರ್ ವ್ಯಾಸಂಗವನ್ನು ಆರಂಭಿಸಿತು. ಬಿ.ಎಸ್ಸಿ. ನರ್ಸಿಂಗ್ ಪದವಿ, ವೃತ್ತಿಯ ನೋಂದಣಿ, ಕನಿಷ್ಠ 1 ವರ್ಷದ ಕೆಲಸದ ಅನುಭವ ಇದಕ್ಕೆ ಬೇಕೆಂದು ಗೊತ್ತುಮಾಡಿತು. ಅದರ ಪಾಠಕ್ರಮದಲ್ಲಿ ನೂರಕ್ಕೆ 80 ಭಾಗ ರೋಗಿಗಳ ಬಳಿಯ ಅಭ್ಯಾಸವೇ. ಪ್ರಸೂತಿಯ ಕ್ಷೇತ್ರಕ್ಕೂ 2018ರಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದಿತು. ಅಮೆರಿಕದ ಅರವತ್ತು ವರ್ಷಗಳ ದಾರಿಯ ಮುಂದೆ ಇದು ಮೊದಲ ಹೆಜ್ಜೆ.

ಕೊನೆಯದಾಗಿ ಒಂದು ಮಾತು. ಈ ವ್ಯಾಸಂಗ ಎಲ್ಲರಿಗೂ ಅಗತ್ಯವಲ್ಲ. ಹಾಸಿಗೆಯ ಬದಿಯ ಶುಶ್ರೂಷೆ ಕೆಳಗಿನ ಮೆಟ್ಟಿಲೆಂದೂ ಯಾರೂ ತಿಳಿಯಬಾರದು; ಅದಿಲ್ಲದೆ ಯಾವ ಆಸ್ಪತ್ರೆಯೂ ಒಂದು ರಾತ್ರಿ ನಡೆಯಲಾರದು. ನರ್ಸ್ ಪ್ರಾಕ್ಟಿಷನರ್ ಆದವಳಿಗೆ ಹೆಚ್ಚುವುದು ಗೌರವಕ್ಕಿಂತ ಹೊಣೆ. ಇದುವರೆಗೆ ಆಕೆ ಸಂದೇಹ ಬಂದಾಗ ಮತ್ತೊಬ್ಬರನ್ನು ಕೂಗುತ್ತಿದ್ದಳು. ಇನ್ನು ಮೇಲೆ, ಸಂದೇಹ ಬಂದವರು ಆಕೆಯನ್ನು ಕೂಗುತ್ತಾರೆ. ಔಷಧದ ಚೀಟಿಯ ಕೆಳಗೆ ಆಕೆಯ ಸಹಿಯೇ ಇರುವುದು. ಆ ಹೊಣೆಯನ್ನು ಹೊರುವ ಮನಸ್ಸು ಇದೆಯೋ ಇಲ್ಲವೋ ಎಂಬುದನ್ನು, 'ನಾನು' ಎಂದು ಮೊದಲುಮಾಡಿ ತನ್ನ ಕೆಲಸದ ನಾಲ್ಕು ವಾಕ್ಯಗಳನ್ನು ಪ್ರಾಮಾಣಿಕವಾಗಿ ಬರೆದು ನೋಡಿಕೊಂಡರೆ, ಆಕೆಗೇ ತಿಳಿಯುವುದು. ನಿಮ್ಮ ಮನೆಯಲ್ಲಿ ಇಂಥ ಮಗಳೋ ಸೊಸೆಯೋ ತಂಗಿಯೋ ಇದ್ದರೆ, ಆಕೆಗೆ ರಾತ್ರಿಯ ಪಾಳಿಯಿಲ್ಲದ ಒಂದು ಸಂಜೆಯನ್ನೂ, ಯಾರೂ ಕರೆಯದ ಒಂದು ಕೋಣೆಯನ್ನೂ ಬಿಟ್ಟುಕೊಡಿ. ಆ ಲೇಖನವನ್ನು ಆಕೆ ಬರೆಯಲಿ.